ಎಲ್ಲಿಗೂ ಹೋಗದ ಸೈಕಲ್ಲು

ನನ್ನ ಕಡೆಯಿಂದ ತಪ್ಪೇನೂ ಇರಲ್ಲ. ಆದರೂ ನಾನು ಸೈಕಲ್ ಹತ್ತಿದೆ ಅಂದರೆ ಎಲ್ಲಿಂದಲೋ ಒಂದು ತಮಾಷೆ ಓಡಿಬಂದು ಹಿಂದಿನ ಕ್ಯಾರಿಯರ್ ಮೇಲೆ ಕೂತುಬಿಡುತ್ತೆ. ಕ್ಯಾರಿಯರೇ ಇಲ್ಲದ ಸೈಕಲ್ ಅದು.

ನಾನು ಶಿಡ್ಲಘಟ್ಟದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ವಯಸ್ಸು ನಲವತ್ತನಾಲ್ಕು, ಮುಚ್ಚಿಟ್ಟು ಏನಾಗಬೇಕು. ಸರ್ಕಾರಿ ನೌಕರರ ಜಿಲ್ಲಾ ಕ್ರೀಡಾಕೂಟದಲ್ಲಿ ಹೆಂಗಸರಿಗೆ ಅಂತ ಒಂದು ಸೈಕಲ್ ರೇಸ್ ಇದೆ. ಮೊದಲು ಬಂದವರು ಮಾತ್ರ ರಾಜ್ಯಮಟ್ಟಕ್ಕೆ. ಹೋದ ವರ್ಷ ಗೌರಿಬಿದನೂರಿನ ಒಬ್ಬರು ನರ್ಸು ನನಗಿಂತ ಅರ್ಧ ಚಕ್ರ ಮುಂದೆ ಬಂದು, ನನ್ನನ್ನು ಮನೆಗೆ ಕಳಿಸಿದರು.

ಈ ವರ್ಷವೂ ಹೆಸರು ಕೊಡ್ತೀನಿ ಅಂದಾಗ ನಮ್ಮ ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಮೇಡಂ, ನಿಮ್ಮ ಕೈಲಿರೋದು ಹತ್ತನೇ ಕ್ಲಾಸು. ಜಿಲ್ಲೆಗೆ ಹೋಗಿಬನ್ನಿ, ಬೇಡ ಅನ್ನಲ್ಲ. ಮೊದಲು ಬಂದ್ರೆ ರಾಜ್ಯಮಟ್ಟಕ್ಕೆ ಒಂದು ವಾರ ಬಿಟ್ಟುಕೊಡ್ತೀನಿ, ಸೈನ್ ಹಾಕ್ತೀನಿ. ಬರಲಿಲ್ಲಾಂದ್ರೆ ಮುಂದಿನ ವರ್ಷದಿಂದ ಈ ಸೈಕಲ್ ಸುದ್ದಿ ನನ್ನ ಹತ್ರ ಎತ್ತಬಾರದು."

"ಆಗಲಿ ಸಾರ್" ಅಂದೆ. ಸೋಲ್ತೀನಿ ಅನ್ನೋ ಯೋಚನೆ ನನಗೆ ಬರಲೇ ಇಲ್ಲ. ಅಭ್ಯಾಸ ಎಲ್ಲಿ ಮಾಡೋದು ಅನ್ನೋದೊಂದೇ ಚಿಂತೆ.

೧. ರಸ್ತೆ ಮೇಲೆ ಪೋಷಕರ ಸಭೆ

ಟೀಚರ್ ಆದವಳು ತನ್ನ ಊರಲ್ಲಿ ಸೈಕಲ್ ತುಳಿಯೋಕೆ ಆಗಲ್ಲ. ನೂರು ಗಜ ಹೋಗೋದ್ರೊಳಗೆ ಯಾರೋ ಒಬ್ಬರು, "ಮೇಡಂ, ಸ್ಕೂಟರ್ ಕೆಟ್ಟೋಯ್ತಾ?" ಅಂತ ನಿಲ್ಲಿಸ್ತಾರೆ. ಹಾಲಿನ ಕ್ಯಾನ್ ಹೊತ್ತ ಗಾಡಿಯವರು ಕ್ಯಾನ್ ಸರಿಸಿ ಜಾಗ ಮಾಡಿಕೊಡ್ತಾರೆ. ಬೇಡ, ವ್ಯಾಯಾಮಕ್ಕೆ ಅಂದರೆ ಪಾಪ ಅನ್ನೋ ಹಂಗೆ ಮುಖ ನೋಡ್ತಾರೆ.

ಒಂದು ಬೆಳಿಗ್ಗೆ ಚಿಂತಾಮಣಿ ರೋಡಲ್ಲಿ ಜೋರಾಗಿ ಹೋಗ್ತಿದ್ದೆ. ಹಿಂದೆ ಹಿಪ್ಪುನೇರಳೆ ಸೊಪ್ಪಿನ ಎರಡು ಹೊರೆ ಕಟ್ಟಿಕೊಂಡು ಮೊಪೆಡ್ಡೊಂದು ನನ್ನ ಪಕ್ಕಕ್ಕೆ ಬಂತು. ಓಡಿಸ್ತಿದ್ದವರು ನನ್ನ ಕ್ಲಾಸಿನ ಒಬ್ಬಳು ಹುಡುಗಿಯ ಅಪ್ಪ.

"ನಮ್ಮ ಹುಡುಗಿ ಲೆಕ್ಕದಲ್ಲಿ ಹೆಂಗವ್ಳೆ ಮೇಡಂ?"

"ಪರವಾಗಿಲ್ಲ" ಅಂದೆ, ಉಸಿರು ಬಿಡುತ್ತಾ.

"ಪರವಾಗಿಲ್ಲಾಂದ್ರೆ ಎಷ್ಟು?"

ಬೀಜಗಣಿತ ಆಯ್ತು. ರೇಖಾಗಣಿತ ಆಯ್ತು. ತಪ್ಪಿಸಿಕೊಳ್ಳೋಣ ಅಂತ ಇನ್ನೂ ಜೋರಾಗಿ ತುಳಿದೆ. ಅವರೂ ಗಾಡಿ ಎಬ್ಬಿಸಿದರು. ಎರಡು ಕಿಲೋಮೀಟರ್ ಹಂಗೇ ಹೋದ್ವಿ. ಕೊನೆಗೆ ಒಂದು ಏರಿನಲ್ಲಿ ಸೊಪ್ಪಿನ ಭಾರಕ್ಕೆ ಮೊಪೆಡ್ಡು ಏದುಸಿರು ಬಿಟ್ಟು ಹಿಂದೆ ಬಿತ್ತು. ಗೆದ್ದೆ ಅಂದುಕೊಂಡೆ. ಹಿಂದಿನಿಂದ ಕೂಗು ಕೇಳಿಸಿತು: "ಮೇಡಂ, ಒಸಿ ನಿಧಾನಕ್ಕೋಗಿ. ತ್ರಿಕೋನಮಿತಿ ಇನ್ನೂ ಕೇಳೇ ಇಲ್ಲ ನಾನು."

೨. ನೂಲಿಲ್ಲದ ಮಿಷನ್ನು

ಅವತ್ತೇ ತೀರ್ಮಾನ ಮಾಡಿದೆ, ಇನ್ನು ಅಭ್ಯಾಸ ಮನೆ ಒಳಗೇ. ರೋಲರ್ ತರಿಸಿ ಹಾಲ್‌ನಲ್ಲಿ ಇಟ್ಟೆ. ಅದೊಂದು ಚೌಕಟ್ಟು. ಅದರಲ್ಲಿ ಮೂರು ಉರುಳೆ, ಹಿಂದೆ ಎರಡು, ಮುಂದೆ ಒಂದು. ಮುಂದಿನ ಉರುಳೆಗೂ ಹಿಂದಿನದಕ್ಕೂ ಒಂದು ಬೆಲ್ಟು. ಸೈಕಲ್ಲನ್ನು ಅದರ ಮೇಲೆ ನಿಲ್ಲಿಸಿ ತುಳಿದರೆ ಚಕ್ರವೂ ತಿರುಗುತ್ತೆ, ಉರುಳೆಯೂ ತಿರುಗುತ್ತೆ, ಸೈಕಲ್ ಮಾತ್ರ ಇದ್ದಲ್ಲೇ ಇರುತ್ತೆ. ಅದನ್ನು ಹಿಡಿದು ನಿಲ್ಲಿಸೋಕೆ ಏನೂ ಇಲ್ಲ. ರಸ್ತೆ ಮೇಲಿನ ಹಂಗೆ ನಾವೇ ಸಮತೋಲನ ಮಾಡ್ಕೋಬೇಕು.

ನಮ್ಮ ಮಾವ ನಲವತ್ತು ವರ್ಷ ರೇಷ್ಮೆ ನೂಲು ತೆಗೆದವರು. ತಿರುಗೋ ಸಾಮಾನು ಮನೆಗೆ ಬಂದರೆ ಅವರಿಗೆ ಬಿಟ್ಟಿರೋಕಾಗಲ್ಲ. ಕುಕ್ಕರುಗಾಲಲ್ಲಿ ಕೂತು, ಬೆರಳಲ್ಲಿ ಉರುಳೆ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿದರು.

"ಬೇರಿಂಗು ಚೆನ್ನಾಗೈತೆ. ನೂಲು ಎಲ್ಲಿ ಸುತ್ಕೊಳ್ತದಮ್ಮ?"

"ನೂಲು ಇಲ್ಲ ಮಾವ."

"ಮತ್ತೆ ಏನು ಬರ್ತದೆ ಇದ್ರಲ್ಲಿ?"

"ಬೆವರು ಬರ್ತದೆ."

ಮಾವ ನಮ್ಮ ಯಜಮಾನರ ಮುಖ ನೋಡಿದರು. ಯಜಮಾನರು ಪೇಪರ್ ನೋಡಿದರು.

ಮೊದಲ ವಾರ ಚೆನ್ನಾಗಿ ಬಿದ್ದೆ. ಎಡಕ್ಕೆ ಬಿದ್ದರೆ ಕಿಟಕಿ, ಬಲಕ್ಕೆ ಬಿದ್ದರೆ ಯಜಮಾನರು. ಮೂರನೇ ದಿನ ಅವರು ಕುರ್ಚಿ ಎತ್ತಿಕೊಂಡು ಅಡುಗೆಮನೆ ಕಡೆ ಹೋದರು. ನಾನು ಬಿಡಲಿಲ್ಲ. ಹತ್ತನೇ ಕ್ಲಾಸಿನ ಮಕ್ಕಳನ್ನ ಸಂಭಾಳಿಸೋಳಿಗೆ ಮೂರು ಉರುಳೆ ಯಾವ ಲೆಕ್ಕ.

ಒಂದು ದಿನ ಜಗಲಿಯಲ್ಲಿ ಕೂತಿದ್ದ ಮಾವ ಈ ಕಡೆ ತಿರುಗಿಯೂ ನೋಡದೆ, "ಬಲಗಾಲು ಎಳೀತಿದ್ದೀಯ ಕಣಮ್ಮ" ಅಂದರು. "ಸದ್ದು ಒಂದೇ ಸಮ ಬರ್ತಿಲ್ಲ. ಹಿಂಗೆ ತಿರುಗಿಸಿದ್ರೆ ನೂಲು ಕಿತ್ತೋಗ್ತದೆ."

ನನಗೆ ರೇಗಿತು. ಸೈಕಲ್ ಹತ್ತಿದ್ದು ನಾನು, ಪಾಠ ಹೇಳೋದು ಇವರು. ಆದರೆ ಸಿಟ್ಟಲ್ಲೇ ಬಲಗಾಲು ಹದ ಮಾಡಿಕೊಂಡು ತುಳಿದರೆ ಸೈಕಲ್ ಅಲ್ಲಾಡೋದೇ ನಿಂತುಹೋಯ್ತು. ಸದ್ದು ಸಮ ಇದ್ದರೆ ಸೈಕಲ್ಲೂ ಸಮ. ಅಲ್ಲಿಂದ ಮುಂದೆ ಮಾವನೇ ನನ್ನ ಕೋಚು. ಕೈಲಿ ಕಾಫಿ ಲೋಟ, ಕಿವಿ ನನ್ನ ಕಡೆ.

ಮೊದಲ ಸಲ ಅರ್ಧ ಗಂಟೆ ಬೀಳದೆ ತುಳಿದ ದಿನ ನನಗೆ ಆದ ಖುಷಿ ಹೇಳತೀರದು. ಬೆವರು ಒರೆಸಿಕೊಂಡು ಜಗಲಿಗೆ ಹೋಗಿ, "ಹೆಂಗಿತ್ತು ಮಾವ ಇವತ್ತು?" ಅಂದೆ.

"ಫಸ್ಟ್ ಕ್ಲಾಸ್" ಅಂದರು. ಆಮೇಲೆ ನಿಟ್ಟುಸಿರು ಬಿಟ್ಟರು. "ನೂಲು ಹಾಕಿದ್ದಿದ್ರೆ ಮಾರ್ಕೆಟ್ಟಲ್ಲಿ ಒಳ್ಳೆ ರೇಟು ಸಿಕ್ತಿತ್ತು. ಸುಮ್ನೆ ವೇಸ್ಟಾಯ್ತು."

೩. ಚಿಂತಾಮಣಿಗೆ ಹೋಗಿಬಂದದ್ದು

ಎದುರುಮನೆ ಅಜ್ಜಿಯ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ದಿನಾ ಸಾಯಂಕಾಲ ಬಂದು ಹೊಸಿಲ ಹತ್ತಿರ ಕೂತು ನಾನು ತುಳಿಯೋದನ್ನ ನೋಡ್ತಿದ್ದರು. ಸೈಕಲ್ಲಿಗೆ ದೂರ ತೋರಿಸೋ ಮೀಟರ್ ಇದೆ ಅಂತ ಗೊತ್ತಾದ ಮೇಲೆ ಅವರಿಗೆ ಅದೊಂದು ಆಟ.

"ಎಂತ ದೂರಂ ಪೋಯಿನಾವಮ್ಮಾ?" ಎಷ್ಟು ದೂರ ಹೋದೆ ಅಂತ.

ಅವತ್ತು ಒಂದು ಗಂಟೆಗೂ ಮೇಲೆ ತುಳಿದಿದ್ದೆ. ಮೀಟರ್ ನೋಡಿ, "ಹೆಚ್ಚುಕಡಿಮೆ ಚಿಂತಾಮಣಿ ಮುಟ್ಟಿದೀನಿ ಅಜ್ಜಿ" ಅಂದೆ, ಹೆಮ್ಮೆಯಿಂದಲೇ.

"ಅಯ್ಯೋ, ನನ್ನ ಮಗಳ ಮನೆ ಅಲ್ಲೇ ಅಲ್ವಾ. ಮಾತಾಡಿಸ್ಕೊಂಡು ಬಂದ್ಯಾ?"

ತಮಾಷೆಗೆ ಅಂದರು ಅಂದುಕೊಂಡೆ. ಮಾರನೇ ದಿನ ಒಂದು ಡಬ್ಬ ತಂದು ಹ್ಯಾಂಡಲ್ಲಿಗೆ ತಗುಲಿಹಾಕಿದರು. ಒಳಗೆ ನಿಪ್ಪಟ್ಟು. "ದಿನಾ ಹೋಗ್ತೀಯಲ್ಲ ತಾಯಿ, ಹಂಗೇ ಕೊಟ್ಬಿಡು" ಅಂತ ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಹೇಳಿ ಎದ್ದುಹೋದರು. ಡಬ್ಬ ವಾಪಸ್ ತಗೊಳ್ಳಲಿಲ್ಲ. ನನಗೂ ಹಟ. ಭಾನುವಾರ ಬಸ್ಸು ಹತ್ತಿ ಚಿಂತಾಮಣಿಗೆ ಹೋಗಿ ಮಗಳಿಗೆ ನಿಪ್ಪಟ್ಟು ಕೊಟ್ಟೇ ಬಂದೆ.

ಅಜ್ಜಿಗೆ ಹೇಳಿದರೆ ಆಶ್ಚರ್ಯವೇ ಇಲ್ಲ. "ಬಸ್ಸಲ್ಯಾಕೆ ಹೋದೆ? ಮನೇಲಿ ಸೈಕಲ್ ಇಲ್ವಾ?" ಅಂದರು.

೪. ನಿಂಬೆಹಣ್ಣು ಎಲ್ಲಿಡೋದು

ಆಯುಧಪೂಜೆ ಬಂತು. ತಿರುಗೋ ಸಾಮಾನಿಗೆ ಪೂಜೆ ತಪ್ಪಿಸಬಾರದು ಅಂತ ಮಾವ ರೋಲರನ್ನೂ ತೊಳೆಸಿದರು. ಸೈಕಲ್ಲಿಗೆ ಸೇವಂತಿಗೆ ಹಾರ, ಚೌಕಟ್ಟಿಗೆ ವಿಭೂತಿ, ಚಕ್ರಕ್ಕೆ ಕೈತುಂಬಾ ಕುಂಕುಮ. ಎಲ್ಲ ಆದ ಮೇಲೆ ಒಂದು ಪ್ರಶ್ನೆ ಎದ್ದಿತು. ಗಾಡಿಗಳಿಗೆ ಚಕ್ರದ ಮುಂದೆ ನಿಂಬೆಹಣ್ಣಿಟ್ಟು ಅದರ ಮೇಲೆ ಹತ್ತಿಸ್ತೀವಿ. ಮುಂದಕ್ಕೇ ಹೋಗದ ಗಾಡಿಗೆ ನಿಂಬೆಹಣ್ಣು ಎಲ್ಲಿಡೋದು?

ಯಜಮಾನರು ಬೇಡ ಬಿಡಿ ಅಂದರು. ಮಾವ ಒಪ್ಪಲಿಲ್ಲ. ಯೋಚನೆ ಮಾಡಿ, ಹಿಂದಿನ ಚಕ್ರಕ್ಕೂ ಉರುಳೆಗೂ ನಡುವೆ ಹಣ್ಣು ಸಿಗಿಸಿದರು. "ಇಲ್ಲಿ ಅರೆದುಹೋಗ್ತದೆ. ನೀನು ಹತ್ತಮ್ಮ."

ಗಣಿತದ ಟೀಚರ್ ನಾನು, ಒಂದು ಕ್ಷಣ ಲೆಕ್ಕ ಹಾಕಬೇಕಿತ್ತು. ಹಾಕಲಿಲ್ಲ. "ಗ್ಯಾರಂಟಿ ಅರೆಯುತ್ತೆ ಮಾವ" ಅಂತ ಹತ್ತಿ ಜೋರಾಗಿ ತುಳಿದೆ.

ಹಣ್ಣು ಅರೆಯಲಿಲ್ಲ. ಹಿಂದಕ್ಕೆ ಹಾರಿತು. ಅಡುಗೆಮನೆಯಿಂದ ಪಾಯಸದ ಪಾತ್ರೆ ಹಿಡಿದು ಬರ್ತಿದ್ದ ಯಜಮಾನರ ಎದೆಗೆ ಬಿದ್ದು ಅಲ್ಲೇ ಒಡೆಯಿತು. ಚಕ್ರದ ಕುಂಕುಮವೆಲ್ಲ ಎದ್ದು ನನ್ನ ಬೆನ್ನಿಗೂ ಅವರ ಹೊಸ ಬಿಳಿ ಅಂಗಿಗೂ ಸಮನಾಗಿ ಹಂಚಿಹೋಯಿತು. ಆದರೂ ಅವರನ್ನ ಮೆಚ್ಚಬೇಕು, ಒಂದು ತೊಟ್ಟು ಪಾಯಸ ಚೆಲ್ಲಲಿಲ್ಲ.

ಮಾವ ಎದ್ದು ಹೋಗಿ ಮಗನನ್ನ ಸುತ್ತಲೂ ನೋಡಿದರು. "ಒಳ್ಳೇದಾಯ್ತು" ಅಂದರು. "ಗಾಡಿ ದೃಷ್ಟಿಯೂ ಹೋಯ್ತು, ಇವನದೂ ಹೋಯ್ತು."

೫. ಗೆರೆ

ರೇಸು ಚಿಕ್ಕಬಳ್ಳಾಪುರದ ಹೊರಗೆ, ಹತ್ತು ಕಿಲೋಮೀಟರ್. ನಮ್ಮ ಹೆಡ್‌ಮೇಷ್ಟ್ರಿಗೆ ಅವತ್ತು ಅಲ್ಲೇ ಡ್ಯೂಟಿ, ಮುಕ್ತಾಯದ ಗೆರೆ ಹತ್ತಿರ ಬಾವುಟ ಹಿಡಿಯೋದು. ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದರು. ನನ್ನ ನೋಡಿ, "ಮಾತು ನೆನಪಿದೆಯಲ್ಲ ಮೇಡಂ" ಅಂದರು.

ಗೌರಿಬಿದನೂರಿನ ನರ್ಸಮ್ಮ ಸೈಕಲ್ ತಳ್ಳಿಕೊಂಡು ಪಕ್ಕಕ್ಕೆ ಬಂದರು. "ಏನ್ ಟೀಚರ್, ಈ ಸಲ ನೀವು ರೋಡಲ್ಲಿ ಯಾರಿಗೂ ಕಾಣಿಸ್ಲೇ ಇಲ್ವಂತೆ. ಪ್ರಾಕ್ಟೀಸ್ ಬಿಟ್ಬಿಟ್ರಾ?"

"ಮನೇಲೇ ಮಾಡ್ದೆ. ಹಾಲಲ್ಲಿ."

"ಹಾಲಲ್ಲಾ?" ಅಂತ ಅವರು ಮನಸಾರೆ ನಕ್ಕರು. ನಾನೂ ನಕ್ಕೆ. ಆದರೆ ನಿಜ ಹೇಳ್ತೀನಿ, ಅಭ್ಯಾಸದ ಆ ನಾಲ್ಕು ತಿಂಗಳಲ್ಲಿ ಮೊದಲ ಸಲ ಸೋಲಿನ ಯೋಚನೆ ಬಂತು. ಇವತ್ತು ಸೋತರೆ ಸೈಕಲ್ ಅಟ್ಟ ಸೇರುತ್ತೆ. ನನಗೆ ಸೈಕಲ್ ಅಂದರೆ ಅಷ್ಟು ಇಷ್ಟ ಅಂತ ಅಲ್ಲೀವರೆಗೂ ನನಗೇ ಗೊತ್ತಿರಲಿಲ್ಲ.

ಒಂಬತ್ತು ಕಿಲೋಮೀಟರ್ ನರ್ಸಮ್ಮನೇ ಮುಂದೆ. ನಾನು ಅವರ ಹಿಂದೆ ಅಂಟಿಕೊಂಡಿದ್ದೆ, ಒಂದೇ ಸಮ. ಕೊನೇ ಕಿಲೋಮೀಟರಿನಲ್ಲಿ ಅವರ ಭುಜ ಆಡೋಕೆ ಶುರುವಾಯ್ತು, ಕಾಲು ಹದ ತಪ್ಪಿತು. ನನಗೆ ಇನ್ನೂ ಉಸಿರಿತ್ತು. ಗೆರೆ ಕಾಣಿಸಿದಾಗ ಅವರನ್ನ ದಾಟಿದೆ.

ಇಲ್ಲೊಂದು ವಿಷಯ ಹೇಳಬೇಕು. ರೋಲರ್ ಮೇಲಿಂದ ಇಳಿಯೋದಕ್ಕೆ ಒಂದೇ ದಾರಿ, ವೇಗ ಇಳಿಸುತ್ತಾ ಎಡಗೈ ಚಾಚಿ ಏನನ್ನಾದರೂ ಹಿಡಿದುಕೊಳ್ಳೋದು. ಮನೆಯಲ್ಲಿ ಕಿಟಕಿ ಸರಳು ಹಿಡೀತಿದ್ದೆ. ದಿನಾ ಹಿಡಿದು ಹಿಡಿದು ಕೈಗೆ ಅದೇ ಅಭ್ಯಾಸ.

ಮುಗೀತು ಅಂತ ಮನಸ್ಸಿಗೆ ಅನ್ನಿಸಿದ್ದೇ ತಡ, ಎಡಗೈ ತಾನಾಗಿ ಚಾಚಿಕೊಂಡಿತು. ಯಾರು ಮೊದಲು ಅಂತ ನೋಡೋಕೆ ಹೆಡ್‌ಮೇಷ್ಟ್ರು ಬಾವುಟ ಹಿಡಿದು ಬಗ್ಗಿದ್ದರು. ಸಿಕ್ಕಿದ್ದು ಅವರ ಮಣಿಕಟ್ಟು. ಬಿಗಿಯಾಗಿ ಹಿಡಿದೆ.

ಸೈಕಲ್ ನಿಲ್ಲಲಿಲ್ಲ. ಹೆಡ್‌ಮೇಷ್ಟ್ರೂ ನಿಲ್ಲಲಿಲ್ಲ. ಬಾವುಟ ಸಮೇತ ನನ್ನ ಪಕ್ಕದಲ್ಲಿ ಓಡಿದರು. ಐವತ್ತೇಳು ವರ್ಷದವರು ಅಷ್ಟು ಚೆನ್ನಾಗಿ ಓಡ್ತಾರೆ ಅಂತ ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಶಾಮಿಯಾನದ ಕಂಬದ ಹತ್ತಿರ ಇಬ್ಬರೂ ಒಟ್ಟಿಗೆ ನಿಂತೆವು.

ತೀರ್ಪುಗಾರರು ಪುಸ್ತಕ ಹಿಡಿದು ಓಡಿಬಂದರು. ಅವರ ಮುಖ ಗೊಂದಲದಲ್ಲಿತ್ತು. "ಈಗ ಫಸ್ಟು ಯಾರು ಅಂತ ಬರ್ಕೊಳ್ಳಲಿ?"

ಬೇರೆಯವರನ್ನ ಹಿಡಿದುಕೊಂಡೆ ಅಂತ ರೇಸಿಂದಲೇ ತೆಗೆದುಬಿಟ್ಟರೆ? ಹಿಂದೆ ಬಂದ ನರ್ಸಮ್ಮ ಕಾಲು ನೆಲಕ್ಕಿಟ್ಟು, ಉಸಿರು ಎಳೆದುಕೊಂಡು, ಎಲ್ಲರಿಗೂ ಕೇಳಿಸೋ ಹಂಗೆ ಹೇಳಿದರು.

"ಮೊದಲು ಹೆಡ್‌ಮೇಷ್ಟ್ರು. ಎರಡನೇದು ಟೀಚರ್. ನಾನು ಮೂರನೇದು ಸಾರ್."

ಶಾಮಿಯಾನವೆಲ್ಲ ನಕ್ಕಿತು. ತೀರ್ಪುಗಾರರೂ ನಗುತ್ತಲೇ ಬರೆದುಕೊಂಡರು. "ಹೆಡ್‌ಮೇಷ್ಟ್ರು ಸೈಕಲ್ ತಂದಿಲ್ಲ, ಅವರನ್ನ ಬಿಡಿ. ಇವರು ಹಿಡ್ಕೊಂಡಿದ್ದು ಚಕ್ರ ಗೆರೆ ದಾಟಿದ ಮೇಲೆ, ನಾನೇ ನೋಡಿದ್ದೀನಿ. ಟೀಚರ್ ಫಸ್ಟು."

ನನಗೆ ಕಣ್ಣು ತುಂಬಿಬಂತು. ಆದರೂ ಕೆಲಸ ಮರೆಯಲಿಲ್ಲ. ಏದುಸಿರು ಬಿಡ್ತಿದ್ದ ಹೆಡ್‌ಮೇಷ್ಟ್ರ ಕಡೆ ತಿರುಗಿ, "ಸಾರ್, ರಾಜ್ಯಮಟ್ಟಕ್ಕೆ ಒಂದು ವಾರ?" ಅಂದೆ.

ಅವರು ಮೂರು ಸಲ ಉಸಿರು ತಗೊಂಡರು.

"ಹಾಕ್ತೀನಿ ಮೇಡಂ, ಈಗಲೇ, ಇಲ್ಲೇ ಸೈನ್ ಹಾಕ್ತೀನಿ. ಆದರೆ ಸೈನ್ ಹಾಕೋ ಕೈಯನ್ನ ನೀವು ಮೊದಲು ಬಿಡಬೇಕಲ್ಲ."