ದೊಡ್ಡಿಯಲ್ಲಿ ದಮಯಂತಿಯ ಧಾರೆ

ಕೊಡಗು ರಾಜ್ಯದಲ್ಲಿ, ೧೯೫೩ನೇ ಇಸವಿಯಲ್ಲಿ, ಗಾಳಿಬೀಡಿನಾಚೆಯ ನಮ್ಮೂರ ಸಮುದಾಯ ಭವನವು ಆದೇಶದ ಪ್ರಕಾರ ಬೀಡಾಡಿ ದನಗಳ ದೊಡ್ಡಿಯಾಗಿತ್ತು. ಅಜ್ಜಂದಿರು ಕಟ್ಟಿಸಿದ್ದು ಮದುವೆಗೆಂದು. ಅಪ್ಪಂದಿರ ಕಾಲಕ್ಕೆ, ಯುದ್ಧ ಬಂದು, ರೇಷನ್ ಅಕ್ಕಿ ತುಂಬಿದರು. ಅಕ್ಕಿಯನ್ನು ಹೆಗ್ಗಣ ತಿಂದ ಮೇಲೆ ದೊಡ್ಡಿಯಾಯಿತು. ಬಾಗಿಲಿಗೆ ಏಳು ಕಡಿದಾದ ಮೆಟ್ಟಿಲಿದ್ದುದರಿಂದ ಒಂದು ದನವೂ ಹತ್ತಲಿಲ್ಲ. ಆದೇಶದಲ್ಲಿ ಮೆಟ್ಟಿಲಿನ ಪ್ರಸ್ತಾಪವಿರಲಿಲ್ಲವಾದ್ದರಿಂದ ಇದನ್ನು ಲೋಪ ಎನ್ನಲಾಗದು.

ಗುರುವಪ್ಪನ ಮಗಳು ದಮಯಂತಿಯ ಮದುವೆಯ ದಿನ ದೊಡ್ಡಿ ಗುಮಾಸ್ತ ಉತ್ತಯ್ಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಿದ್ದರು. ಹತ್ತೂಕಾಲಿಗೆ ಮುಹೂರ್ತ. ತಪ್ಪಿದರೆ ಮುಂದಿನ ವರ್ಷವೇ. ಗುರುವಪ್ಪ ಏಳೂ ಮೆಟ್ಟಿಲು ಹತ್ತಿ ಕುರ್ಚಿಯ ಮುಂದೆ ನಿಂತ.

"ಒಳಗೆ ಬಿಡಿ ಉತ್ತಯ್ಯನವರೇ, ಕೈ ಮುಗಿತೇನೆ."

"ನನಗೇನು ಕಷ್ಟ ಮಾರಾಯ? ಆದರೆ ಪರರ ಬೆಳೆ ಮೇಯ್ದು ಸಿಕ್ಕಿಬಿದ್ದವರಿಗೆ ಮಾತ್ರ ಪ್ರವೇಶ. ನಿಯಮ ನಾಲ್ಕು."

"ಅಷ್ಟೇ ತಾನೆ? ಮೇಯ್ದರಾಯ್ತು," ಎಂದರು ಮದುಮಗಳ ಅಜ್ಜಿ ಪೂವಮ್ಮ.

ಪಕ್ಕದಲ್ಲೇ ತಂಗಮ್ಮನೆಂಬ ಒಂಟಿ ಹೆಂಗಸಿನ ಅಲಸಂದೆ ಸಾಲಿತ್ತು. ದಿಬ್ಬಣ ಪೂರ್ತಿ ಅದಕ್ಕೆ ಇಳಿಯಿತು. ಮದುಮಗ ಬಾಸಿಂಗ ಸರಿಪಡಿಸಿಕೊಂಡು ಒಂದು ಕುಡಿ ಕಿತ್ತ. ನಾನೂ ಎರಡೆಲೆ ಅಗಿದೆ, ಸ್ವಲ್ಪ ಒಗರು. ತಂಗಮ್ಮ ಬಯ್ಯುತ್ತಾ ಎಲ್ಲರನ್ನೂ ಹೊಡೆದುಕೊಂಡು ಬಂದು ದೊಡ್ಡಿಗೆ ಒಪ್ಪಿಸಿದರು.

ಉತ್ತಯ್ಯ ಒಬ್ಬೊಬ್ಬರನ್ನೇ ದಾಖಲು ಮಾಡಿಕೊಂಡರು.

"ಬಣ್ಣ ಎಣ್ಣೆಗೆಂಪು. ಕೊಂಬಿಲ್ಲ. ಹಾಯುವ ಅಭ್ಯಾಸ ಉಂಟಾ?"

"ಇಲ್ಲಿವರೆಗೆ ಇಲ್ಲ," ಎಂದಳು ದಮಯಂತಿ.

ಹತ್ತೂಕಾಲಿಗೆ ಸರಿಯಾಗಿ ಧಾರೆ ಆಯಿತು. ಗುರುವಪ್ಪ ಸಂತೋಷಕ್ಕೆ ಅತ್ತೇಬಿಟ್ಟ. ಊಟ ಮುಗಿಸಿ ಹೊರಟಾಗ ಕುರ್ಚಿ ಮತ್ತೆ ಅಡ್ಡ ಬಂತು.

"ಮಾಲೀಕರು ಬಂದು ಸಹಿ ಹಾಕಿ ಬಿಡಿಸಿಕೊಳ್ಳಬೇಕು. ಇವಳ ಮಾಲೀಕ ಯಾರು?"

"ಬೆಳಿಗ್ಗೆವರೆಗೆ ನಾನು. ಈಗ ಅಳಿಯ."

"ಇಬ್ಬರೂ ಒಳಗಿದ್ದೀರಿ. ದೊಡ್ಡಿಯಲ್ಲಿರುವವರು ಮಾಲೀಕರಾಗಲು ಬರುವುದಿಲ್ಲ. ಏಳು ದಿನ ನೋಡಿ ಹರಾಜು ಹಾಕುತ್ತೇನೆ."

ದಮಯಂತಿ ಮೊದಲ ಸಲ ತಲೆಯೆತ್ತಿದಳು. "ಹೊರಗೆ ಯಾರಿದ್ದಾರೆ, ನೋಡಿ."

ಊರಿಗೆ ಊರೇ ಒಳಗಿತ್ತು. ಹೊರಗೆ ತಂಗಮ್ಮನೊಬ್ಬರೇ ಮುರಿದ ಬಳ್ಳಿ ಎತ್ತಿ ಕಟ್ಟುತ್ತಿದ್ದರು. ಕರೆದಾಗ ಬಂದು, ಕೈ ಒರೆಸಿಕೊಂಡು, ಮುನ್ನೂರ ಹನ್ನೆರಡು ಕಡೆ ಹೆಬ್ಬೆಟ್ಟು ಒತ್ತಿದರು.

ಅಂದಿನಿಂದ ನಾವೆಲ್ಲ ತಂಗಮ್ಮನವರಿಗೆ ಸೇರಿದವರು. ಒಳ್ಳೆಯ ಮಾಲೀಕರು, ಯಾರಿಗೂ ದೂರಿಲ್ಲ. ದಮಯಂತಿಯನ್ನು ಗಂಡನ ಮನೆಯಲ್ಲಿಟ್ಟುಕೊಳ್ಳಲು ಅನುಮತಿ ಕೊಟ್ಟಿದ್ದಾರೆ, ಗಂಡನನ್ನೂ ಜೊತೆಗೆ. ನನ್ನನ್ನು ಈ ವಾರ ಪೊನ್ನಪ್ಪನ ಗದ್ದೆಗೆ ಎರವಲು ಕೊಟ್ಟಿದ್ದಾರೆ. ಪೊನ್ನಪ್ಪನೂ ಅವರದೇ ಆದ್ದರಿಂದ ತಕರಾರು ಬರಲಿಲ್ಲ.