ಗೋಡೆಯ ಖುದ್ದು ಹಾಜರಿ

ಗ್ರಾಮಾಂತರ ನಿವಾಸಿಗಳು ನ್ಯಾಯಕ್ಕಾಗಿ ಇನ್ನು ಮುಂದೆ ಬಸ್ಸು ಹತ್ತಬೇಕಾಗಿಲ್ಲ, ಅವರವರ ಊರಿನಲ್ಲೇ ವಿಡಿಯೊ ಮೂಲಕ ವಿಚಾರಣೆ ನಡೆಯುವುದು ಎಂದು ನ್ಯಾಯಾಲಯವು ಪ್ರಕಟಿಸಿದ ವಾರವೇ ಊರಿಗೆ ಬರುತ್ತಿದ್ದ ಬಸ್ಸನ್ನು ನಿಲ್ಲಿಸಲಾಯಿತು. ಇವೆರಡಕ್ಕೂ ಯಾವುದೇ ಸಂಬಂಧವಿಲ್ಲವೆಂದು ಮತ್ತೊಂದು ಪ್ರಕಟಣೆ ಸ್ಪಷ್ಟಪಡಿಸಿತು. ಅದನ್ನು ಬಸ್ ನಿಲ್ದಾಣದಲ್ಲಿ ಅಂಟಿಸಿದ್ದರಿಂದ ಯಾರೂ ಓದಲಿಲ್ಲ.

ಈ ಸೌಲಭ್ಯದ ಮೊದಲ ಫಲಾನುಭವಿ ಟೈಲರ್ ಅತ್ತಿಗೆ. ಆಕೆ ನಿಜಕ್ಕೂ ಅತ್ತಿಗೆಯಾಗಬೇಕಾದದ್ದು ಪಕ್ಕದ ಏಣಿ ಅಂಗಡಿಯವನಿಗೆ ಮಾತ್ರ. ಆದರೆ ಅವನು ದಿನವಿಡೀ "ಅತ್ತಿಗೆ, ಚಹಾ ಆಯ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದುದರಿಂದ ಇಡೀ ಊರು ಅವನ ಸಂಬಂಧವನ್ನು ಹಂಚಿಕೊಂಡಿತ್ತು. ಗಂಡ ತೀರಿಹೋದ ಮೇಲೆ ಆಕೆ ಹೊಲಿಗೆ ಯಂತ್ರವನ್ನೇ ನಂಬಿಕೊಂಡು ಬದುಕುತ್ತಿದ್ದರು. ಮೈದುನನ ವ್ಯಾಪಾರ ಜೋರಾಗಿ, ಏಣಿಗಳನ್ನು ಒರಗಿಸಿಡಲು ಗೋಡೆ ಸಾಲದೆ ಬಂತು. ಅವನು ಅತ್ತಿಗೆಯ ಬಾಗಿಲಿಗೆ ಅಡ್ಡಲಾಗಿ ಹೊಸದೊಂದು ಗೋಡೆ ಎಬ್ಬಿಸಿದ.

"ಏನೋ ಇದು? ನಾನು ಹೊರಗೆ ಬರೋದು ಹೇಗೋ?" ಎಂದು ಅತ್ತಿಗೆ ಒಳಗಿನಿಂದ ಇಟ್ಟಿಗೆಗಳನ್ನು ಕೇಳಿದರು.

"ಕಿಟಕಿ ಇದೆಯಲ್ಲ ಅತ್ತಿಗೆ," ಎಂದು ಇಟ್ಟಿಗೆಗಳ ಆಚೆಯಿಂದ ಉತ್ತರ ಬಂತು. "ಎತ್ತರ ಅನ್ನಿಸಿದರೆ ಹೇಳಿ. ಏಣಿ ಇದೆ. ಮನೆಯವರು ಅಂತ ರಿಯಾಯಿತಿಯಲ್ಲಿ ಕೊಡ್ತೀನಿ."

ಅತ್ತಿಗೆ ಏಣಿ ಕೊಳ್ಳಲಿಲ್ಲ. ಒಳಗೊಂದು ಸ್ಟೂಲು, ಹೊರಗೊಂದು ಸ್ಟೂಲು ಇಟ್ಟುಕೊಂಡು ಬೀದಿ ಕಡೆಯ ಕಿಟಕಿಯಿಂದ ಓಡಾಡತೊಡಗಿದರು. ದೇಹ ಸ್ವಲ್ಪ ದಪ್ಪವಾದ್ದರಿಂದ ಮೊದಮೊದಲು ಹೊತ್ತು ಹಿಡಿಯಿತು. ಬರಬರುತ್ತಾ ಕೈಯಲ್ಲಿ ಚಹಾ ಲೋಟ ಹಿಡಿದುಕೊಂಡೇ ಇಳಿಯುವಷ್ಟು ಪಳಗಿದರು. ಹೊಲಿಗೆಯ ಕೆಲಸ ಮಾತ್ರ ಹದಗೆಟ್ಟಿತು. ಗಿರಾಕಿಗಳು ಕಿಟಕಿಯ ಹೊರಗೆ ನಿಂತು ಅಳತೆ ಕೊಡುತ್ತಿದ್ದರಿಂದ ಸೊಂಟದ ಮೇಲಿನದು ಖಚಿತವಾಗಿಯೂ ಕೆಳಗಿನದು ಅಂದಾಜಿನಿಂದಲೂ ಬರುತ್ತಿತ್ತು. ಊರಿನ ಗಂಡಸರು ಸುಂದರವಾದ ಅಂಗಿ ತೊಟ್ಟು, ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆಯುವುದು ಆ ದಿನಗಳಲ್ಲಿ ಸಾಮಾನ್ಯ ದೃಶ್ಯವಾಗಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದಾಗ ಅತ್ತಿಗೆ ದಾವೆ ಹೂಡಿದರು.

ವಿಡಿಯೊ ವಿಚಾರಣಾ ಕೇಂದ್ರವನ್ನು ದನದ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸ್ಥಾಪಿಸಲಾಗಿತ್ತು. ಅದನ್ನು ನಡೆಸಲು ಬಂದಿದ್ದ ಸಂಪರ್ಕಾಧಿಕಾರಿ ಎಂಬ ತೆಳ್ಳನೆಯ ಗೃಹಸ್ಥರು ಗೋಡೆಯ ಮೇಲೆ ನಿಯಮವನ್ನು ಬರೆಸಿದ್ದರು: "ಕಕ್ಷಿದಾರರು ನ್ಯಾಯಾಲಯಕ್ಕೆ ಗೌರವ ಸೂಚಿಸಿ ಎದ್ದು ನಿಲ್ಲತಕ್ಕದ್ದು. ನಿಂತವರ ಮುಖ ಕ್ಯಾಮೆರಾದಲ್ಲಿ ಕಾಣತಕ್ಕದ್ದು. ಎರಡೂ ಏಕಕಾಲಕ್ಕೆ ಸಾಧ್ಯವಾಗದಿದ್ದಲ್ಲಿ ಸದರಿ ಕಕ್ಷಿದಾರರ ಎತ್ತರವೇ ಅದಕ್ಕೆ ಹೊಣೆ." ಹೀಗಾಗಿ ವಾದಿ ಮತ್ತು ಪ್ರತಿವಾದಿ ಭುಜಕ್ಕೆ ಭುಜ ತಾಗಿಸಿ, ಮೊಣಕಾಲು ಮಡಚಿ, ಅರ್ಧ ಕೂತು ಅರ್ಧ ನಿಂತು ನ್ಯಾಯವನ್ನು ಎದುರಿಸಿದರು.

ಪರದೆಯ ಮೇಲೆ ನ್ಯಾಯಾಧೀಶರು ಮೂಡಿದರು. ಅಂದರೆ ಅವರ ಹಣೆ ಮತ್ತು ಹಿಂದಿನ ಫ್ಯಾನು ಮೂಡಿದವು.

"ಹಲೋ, ಕೇಳಿಸ್ತಾ ಇದೆಯಾ?" ಎಂದು ಹಣೆ ಕೇಳಿತು.

"ಕೇಳಿಸ್ತಾ ಇದೆ ಸ್ವಾಮಿ. ನನ್ನ ಬಾಗಿಲಿಗೆ ಅಡ್ಡ..." ಎಂದು ಅತ್ತಿಗೆ ಶುರುಮಾಡಿದರು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಸೂಜಿ ಚುಚ್ಚಿಸಿಕೊಂಡ ಹಸುವೊಂದು ದೀರ್ಘವಾಗಿ ಕೂಗಿತು.

"ಪ್ರತಿವಾದಿಯ ಆಕ್ಷೇಪಣೆಯನ್ನು ದಾಖಲಿಸಿಕೊಳ್ಳಲಾಗಿದೆ," ಎಂದರು ನ್ಯಾಯಾಧೀಶರು.

"ಅಯ್ಯೋ ಸ್ವಾಮಿ, ಅದು ಹಸು!"

"ಪ್ರತಿವಾದಿಯ ಬಗ್ಗೆ ಹಾಗೆಲ್ಲ ಮಾತಾಡಬಾರದು. ಆಕ್ಷೇಪಣೆ ಎತ್ತಿಹಿಡಿಯಲಾಗಿದೆ."

ಮೈದುನನಿಗೇ ಸಂಕೋಚವಾಯಿತು. "ನಾನು ಬಾಯೇ ಬಿಡಲಿಲ್ಲ ಅತ್ತಿಗೆ, ನಿಮ್ಮಾಣೆ," ಎಂದು ಮೆಲ್ಲಗೆ ಹೇಳಿದ. "ಗೊತ್ತು ಬಿಡೋ," ಎಂದರು ಅತ್ತಿಗೆ. ಬಾಗಿಲಿಗೆ ಗೋಡೆ ಅಡ್ಡ ಬಂದ ಮೇಲೆ ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ವಿವಾದಕ್ಕೆ ಮೂಲವಾದ ಗೋಡೆಯನ್ನು ಮುಂದಿನ ವಿಚಾರಣೆಗೆ ಹಾಜರುಪಡಿಸಬೇಕೆಂದು ಆದೇಶವಾಯಿತು. ಸಂಪರ್ಕಾಧಿಕಾರಿಗಳು ನಿಯಮದಂತೆ ಗೋಡೆಗೆ ಸಮನ್ಸ್ ಅಂಟಿಸಿದರು. ಗೋಡೆ ಬರಲಿಲ್ಲ. ಮತ್ತೊಮ್ಮೆ ಅಂಟಿಸಿದರು. ಆಗಲೂ ಅದು ಕದಲದಿದ್ದಾಗ, ಗೋಡೆಯು ವಯಸ್ಸಿನಲ್ಲಿ ಚಿಕ್ಕದೆಂಬುದನ್ನು ಗಮನಿಸಿದ ನ್ಯಾಯಾಲಯವು ಬಂಧನದ ವಾರಂಟ್ ಹೊರಡಿಸದೆ, ತಾನೇ ವಿಡಿಯೊ ಮೂಲಕ ಗೋಡೆಯ ಬಳಿಗೆ ಬರಲು ಉದಾರವಾಗಿ ಒಪ್ಪಿತು.

ಪರಿಶೀಲನೆಯ ದಿನ ಸಂಪರ್ಕಾಧಿಕಾರಿಗಳು ಮೊಬೈಲ್ ಹಿಡಿದು ಬೀದಿಯಲ್ಲಿ ಸಿಗ್ನಲ್ ಹುಡುಕಿದರು. ಅದು ಸಿಕ್ಕಿದ್ದು ರಸ್ತೆಯ ನಡುಮಧ್ಯೆ, ಆಳೆತ್ತರಕ್ಕಿಂತ ಮೇಲೆ, ಖಾಲಿ ಗಾಳಿಯಲ್ಲಿ.

"ಏಣಿ ತರಲಾ ಸಾರ್?" ಎಂದ ಮೈದುನ ಹುರುಪಿನಿಂದ.

"ಕಕ್ಷಿದಾರರಿಗೆ ಸೇರಿದ ಯಾವುದೇ ವಸ್ತುವನ್ನು ಅಧಿಕಾರಿಗಳು ಬಳಸುವಂತಿಲ್ಲ."

"ಮತ್ತೆ ಹೇಗೆ?"

ಸಂಪರ್ಕಾಧಿಕಾರಿಗಳು ಯೋಚಿಸಿದರು. "ಹೆಗಲು ವಸ್ತುವಲ್ಲ," ಎಂದರು.

ಸಹಕರಿಸದಿದ್ದರೆ ನ್ಯಾಯಾಂಗ ನಿಂದನೆಯಾಗುವುದೆಂದು ತಿಳಿದು ಪ್ರತಿವಾದಿಯು ಬಗ್ಗಿದ. ಸಂಪರ್ಕಾಧಿಕಾರಿಗಳು ಬೂಟು ಬಿಚ್ಚಿ ಹೆಗಲೇರಿದರು. ಊರಿಗೆ ಊರೇ ನೆರೆಯಿತು. ಮೊಬೈಲಿನಲ್ಲಿ ಹಣೆ ಕಾಣಿಸಿಕೊಂಡಿತು.

"ವಾದಿ ಎಲ್ಲಿ?"

"ಮನೆಯೊಳಗಿದ್ದಾರೆ ಸ್ವಾಮಿ."

"ಹೊರಗೆ ಬರಲಿ."

ಆ ಹೊತ್ತಿಗೆ ಅತ್ತಿಗೆ ಒಳಗೆ ಸೀರೆ ಸರಿಪಡಿಸಿಕೊಂಡು, ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡುತ್ತಿದ್ದರು. ಕರೆದದ್ದು ಕೇಳಿದ ಕೂಡಲೇ ಅಭ್ಯಾಸಬಲದಿಂದ ಸರಕ್ಕನೆ ಸ್ಟೂಲು ಹತ್ತಿ, ಕಿಟಕಿ ದಾಟಿ, ಬೀದಿಯಲ್ಲಿ ನಿಂತು ಕೈಮುಗಿದರು. ಅವರು ಜೀವನದಲ್ಲೇ ಅಷ್ಟು ಚೆನ್ನಾಗಿ ಇಳಿದದ್ದಿಲ್ಲ. ನೆರೆದವರು ಮೆಚ್ಚಿ ಚಪ್ಪಾಳೆ ತಟ್ಟಿದರು.

"ಬಂದರಲ್ಲ!" ಎಂದರು ನ್ಯಾಯಾಧೀಶರು.

"ಕಿಟಕಿಯಿಂದ ಬಂದೆ ಸ್ವಾಮಿ!" ಎಂದು ಅತ್ತಿಗೆ ಕೂಗಿದರು. ಆದರೆ ಆಗಲೇ ಭಾರ ತಡೆಯದೆ ಮೈದುನ ತೂರಾಡಿದ್ದರಿಂದ ಸಿಗ್ನಲ್ ತುಂಡಾಗಿ, ನ್ಯಾಯಾಲಯಕ್ಕೆ "ಬಂದೆ ಸ್ವಾಮಿ" ಎಂಬಷ್ಟೇ ತಲುಪಿತು.

ತೀರ್ಪು ಸವಿಸ್ತಾರವಾಗಿತ್ತು. ವಾದಿಯು ತನ್ನ ಮನೆಯಿಂದ ಸರಾಗವಾಗಿ ಹೊರಬಂದದ್ದನ್ನು ನ್ಯಾಯಾಲಯವು ಕಣ್ಣಾರೆ ಕಂಡಿದೆ. ಮನುಷ್ಯರು ಯಾವುದರ ಮೂಲಕ ಹೊರಬರುತ್ತಾರೋ ಅದೇ ಬಾಗಿಲು. ಆದ್ದರಿಂದ ಬಾಗಿಲಿಲ್ಲವೆಂಬ ವಾದದಲ್ಲಿ ಹುರುಳಿಲ್ಲ. ಆದರೆ ಮನೆಗೆ ಒಂದೂ ಕಿಟಕಿ ಇಲ್ಲದಿರುವುದು ಪರಿಶೀಲನೆಯಿಂದ ಬಯಲಾಗಿದ್ದು, ಇದು ಕಳವಳಕಾರಿಯಾಗಿದೆ. ಪ್ರತಿವಾದಿಯು ತನ್ನ ಗೋಡೆಯನ್ನು, ಸಾಧಾರಣ ಮೈಕಟ್ಟಿನ ವ್ಯಕ್ತಿಯೊಬ್ಬರು ನೆಟ್ಟಗೆ ನಿಂತು ಗಾಳಿ ಸೇವಿಸುವಷ್ಟು ಅಗಲ ಮತ್ತು ಎತ್ತರಕ್ಕೆ, ನೆಲಮಟ್ಟದಿಂದ ಒಡೆದು ಕಿಟಕಿ ಒದಗಿಸತಕ್ಕದ್ದು. ಸದರಿ ಕಿಟಕಿಯ ಮೂಲಕ ಯಾರೂ ಓಡಾಡತಕ್ಕದ್ದಲ್ಲ.

ಮೈದುನ ಗಾರೆ ಕೆಲಸದವನನ್ನು ಕರೆಸಿ ಗೋಡೆ ಒಡೆಸಿದ. ಇಟ್ಟಿಗೆಗಳು ಸರಿದಾಗ ಅತ್ತಿಗೆಯ ಹಳೆಯ ಬಾಗಿಲು ಬೆಳಕಿಗೆ ಬಂತು. ಆಕೆ ಅದನ್ನು ತೆರೆದು ಹೊಸ್ತಿಲ ಮೇಲೆ ನಿಂತರು. ಮೈದುನ ಎದುರಿಗೇ, ಕೈಗೆಟಕುವ ದೂರದಲ್ಲಿ ನಿಂತಿದ್ದ. ಅಷ್ಟು ದಿನ ಅವರು ಒಬ್ಬರನ್ನೊಬ್ಬರು ಸರಿಯಾಗಿ ನೋಡಿದ್ದು ಕ್ಯಾಮೆರಾದ ಮುಂದೆ ಮಾತ್ರ.

"ಸೊರಗಿದ್ದೀಯಲ್ಲೋ," ಎಂದರು ಅತ್ತಿಗೆ.

"ಹೆಗಲು ನೋಯ್ತಾ ಇದೆ ಅತ್ತಿಗೆ."

"ಒಳಗೆ ಬಾ, ಎಣ್ಣೆ ಬಿಸಿ ಮಾಡಿಕೊಡ್ತೀನಿ."

ಮೈದುನ ಒಂದು ಹೆಜ್ಜೆ ಮುಂದಿಟ್ಟ. ಸಂಪರ್ಕಾಧಿಕಾರಿಗಳು ಕೆಮ್ಮಿದರು. "ಕಿಟಕಿ," ಎಂದು ನೆನಪಿಸಿದರು. "ಹೌದಲ್ಲ," ಎಂದು ಮೈದುನ ಮನೆಯನ್ನು ಸುತ್ತಿಕೊಂಡು ಹೋಗಿ, ಸ್ಟೂಲು ಹತ್ತಿ, ಬಾಗಿಲಿನಿಂದ ತಲೆ ಮೊದಲಾಗಿ ಒಳಗೆ ಬಿದ್ದ.

ಆಮೇಲೆ ಎಲ್ಲರಿಗೂ ರೂಢಿಯಾಯಿತು. ಗಿರಾಕಿಗಳು ಕಿಟಕಿಯಲ್ಲಿ ಪೂರ್ತಿಯಾಗಿ ನಿಂತು ಅಳತೆ ಕೊಟ್ಟು, ಬಟ್ಟೆ ಒಯ್ಯಲು ಬಾಗಿಲು ಹತ್ತಿ ಬರತೊಡಗಿದರು. ನಿಯಮ ತಿಳಿಯದ ನಾಯಿಯೊಂದು ಕಿಟಕಿಯಿಂದ ನುಗ್ಗಿದಾಗ ಮುದುಕಿಯೊಬ್ಬಳು, "ಥೂ, ಕಳ್ಳನ ಹಾಗೆ ಬರುತ್ತಲ್ಲಪ್ಪ," ಎಂದು ಗದರಿ ಓಡಿಸಿದಳು.

ಯೋಜನೆಯ ಯಶಸ್ಸು ದೂರದವರೆಗೂ ಹಬ್ಬಿ, ಜನರು ಪ್ರಯಾಣ ಮಾಡಬೇಕಾಗಿಲ್ಲದ ಈ ಊರನ್ನು ನೋಡಲು ಹಿರಿಯ ಅಧಿಕಾರಿಗಳ ತಂಡವೊಂದು ಇಡೀ ದಿನ ಪ್ರಯಾಣ ಮಾಡಿ ಬಂತು. ಅತ್ತಿಗೆ ಅವರನ್ನೆಲ್ಲ ಒಳಗೆ ಕರೆದರು. ಒಬ್ಬೊಬ್ಬರಾಗಿ ಸ್ಟೂಲು ಹತ್ತಿದರು. ತಂಡದ ಮುಖ್ಯಸ್ಥರನ್ನು ಮಾತ್ರ ಹೊರಗಿನಿಂದ ಸಂಪರ್ಕಾಧಿಕಾರಿಗಳು ತಳ್ಳಿ, ಒಳಗಿನಿಂದ ಮೈದುನ ಎಳೆಯಬೇಕಾಯಿತು. ಮುಖ್ಯಸ್ಥರು ಏದುಸಿರು ಬಿಡುತ್ತಾ ಕೂತು ಸುತ್ತಲೂ ನೋಡಿದರು. ತೆರೆದ ಹೊಸ್ತಿಲು, ಅದರಾಚೆಗೆ ಬಿಸಿಲು, ನೇರವಾದ ರಸ್ತೆ, ಅಲ್ಲೇ ನಿಂತಿದ್ದ ಅವರ ಕಾರು ಕಂಡವು.

"ಆ ಕಿಟಕಿ ಯಾಕಮ್ಮ ಅಷ್ಟು ಕೆಳಗಿದೆ?" ಎಂದು ಕೇಳಿದರು.

"ನಮ್ಮ ಕಡೆ ಗಾಳಿ ಕೆಳಗಿನಿಂದಲೇ ಬರೋದು ಸ್ವಾಮಿ," ಎಂದರು ಅತ್ತಿಗೆ.

ಮುಖ್ಯಸ್ಥರು ತೃಪ್ತಿಯಿಂದ ತಲೆದೂಗಿ, ಹೊರಡಲೆಂದು ಸ್ಟೂಲಿನ ಮೇಲೆ ಕಾಲಿಟ್ಟರು.