ಸೋಫಾ ಮೇಸ್ತ್ರಿಯ ದ್ವೀಪಯಾತ್ರೆ

“ಎರವಲು ಟೆಂಟಲ್ಲಿ ಮಲಗೋದಕ್ಕಿಂತ ನಾನು ಮೀನುಗಳ ಜೊತೆ ಮಲಗ್ತೀನಿ!”

ಹೀಗೆ ಗುಡುಗಿ ಟೇಬಲ್ ಕುಟ್ಟಿದವರು ಸೋಫಾ ಮೇಸ್ತ್ರಿ. ಕುಟ್ಟಿದ ರಭಸಕ್ಕೆ ಟೀ ಲೋಟ ಒಂದು ಗೇಣು ಹಾರಿ, ಮಗಳು ಹರಡಿಕೊಂಡಿದ್ದ ನಕ್ಷೆಯ ಮೇಲೆ ಮಗುಚಿತು. ಕಡಲಿನಲ್ಲಿದ್ದ ಮೂರು ದ್ವೀಪಗಳಲ್ಲಿ ಎರಡು ಕಣ್ಣೆದುರೇ ಮುಳುಗಿಹೋದವು.

“ಉಳಿದಿರೋದು ಒಂದೇ ಅಪ್ಪಾ. ಅಲ್ಲಿಗೇ ಹೋಗೋಣ ಬಿಡು,” ಎಂದಳು ಮಗಳು, ನಕ್ಷೆ ಒರೆಸುತ್ತಾ.

ಶನಿವಾರ ಬೆಳಿಗ್ಗೆ ಫೆರಿ ಹತ್ತಿ ದ್ವೀಪಕ್ಕೆ ಹೋಗಬೇಕು, ಒಂದು ರಾತ್ರಿ ಟೆಂಟು ಹಾಕಿಕೊಂಡು ಉಳಿಯಬೇಕು, ಮರುದಿನ ವಾಪಸು ಬರಬೇಕು. ಇದು ಮೇಸ್ತ್ರಿಯ ಹೆಂಡತಿ ಮದುವೆಯಾದಾಗಿನಿಂದ ಸಾಕಿಕೊಂಡು ಬಂದ ಆಸೆ. ಫೆರಿಯಲ್ಲಿ ಹಗ್ಗ ಕಟ್ಟುವ ಕೆಲಸ ಮಾಡುವ ಅವಳ ತಮ್ಮ, “ಅಕ್ಕಾ, ನನ್ನ ಹತ್ರ ಟೆಂಟಿದೆ. ಚೀಲದಿಂದ ತೆಗೆದು ಎಸೆದ್ರೆ ಸಾಕು, ತಾನೇ ಎದ್ದು ನಿಲ್ಲುತ್ತೆ” ಎಂದಿದ್ದೇ ತಪ್ಪಾಯಿತು. ಬೇರೆಯವರಿಗೆ ಕೋಪ ಮೂಗಿನ ತುದಿಗೆ ಆಗಾಗ ಬಂದು ಹೋಗುತ್ತದೆ. ಮೇಸ್ತ್ರಿಯ ಮೂಗಿನ ತುದಿಯಲ್ಲಿ ಅದು ಸ್ವಂತ ಮನೆಯನ್ನೇ ಕಟ್ಟಿಕೊಂಡಿತ್ತು.

“ಊರಿಗೆಲ್ಲಾ ಸೋಫಾ ಹೊಲಿದ ಕೈ ಕಣೇ ಇದು! ನಾನು ಹೋಗಿ ಭಾವಮೈದನ ಟೆಂಟಲ್ಲಿ ತಲೆ ತಗ್ಗಿಸಿ ನುಗ್ಗಬೇಕಾ?”

“ಟೆಂಟಿಗೆ ಎಲ್ರೂ ತಲೆ ತಗ್ಗಿಸೇ ನುಗ್ಗೋದು ರೀ,” ಎಂದಳು ಹೆಂಡತಿ. “ಆಯ್ತು, ಹೊಲೀರಿ. ಶುಕ್ರವಾರ ಸಂಜೆಯೊಳಗೆ ನಿಮ್ಮ ಟೆಂಟು ನೆಟ್ಟಗೆ ನಿಂತ್ರೆ ಅದರಲ್ಲೇ ಮಲಗೋಣ. ನಿಲ್ಲದಿದ್ರೆ ನಾನೂ ಮಗಳೂ ತಮ್ಮನ ಟೆಂಟು ತಗೊಂಡು ಹೊರಟ್ವಿ. ನೀವು ಮನೆ ಕಾಯ್ಕೊಂಡಿರಿ.”

ಹೆಂಡತಿಯ ಮಾತು ಮೇಸ್ತ್ರಿಯ ಬುಡಕ್ಕೇ ಬೆಂಕಿಯಿಟ್ಟಿತು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಸೋಫಾಗಳಿಗೆ ಹೊದಿಸಿ ಉಳಿದಿದ್ದ ಕಂದು ರೆಕ್ಸಿನ್ ತುಂಡುಗಳನ್ನೆಲ್ಲಾ ಅಲ್ಲಿ ಗುಡ್ಡೆ ಹಾಕಿದರು. ಹೊಲಿಗೆ ಯಂತ್ರ ಹಗಲೆಲ್ಲಾ ಗುರುಗುಟ್ಟಿತು. ಮೇಸ್ತ್ರಿ ಅದಕ್ಕಿಂತ ಜೋರಾಗಿ ಗುರುಗುಟ್ಟಿದರು. ಯಾರಾದರೂ “ಹೇಗೆ ನಡೀತಿದೆ?” ಅಂದರೆ, “ಕಣ್ಣಿಲ್ವಾ?” ಎಂದು ಮೈಮೇಲೆ ಬೀಳುತ್ತಿದ್ದರು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಅಂಚು ಬಾಕಿ ಉಳಿಯಿತು. ಹೊರಗೆ ಹೊಲಿಗೆ ಕಂಡರೆ ಅದು ಮೇಸ್ತ್ರಿಯ ಕೆಲಸವೇ ಅಲ್ಲ! ಹಾಗಾಗಿ ಬಾಗಿದ ದೊಡ್ಡ ಸೂಜಿ, ನೈಲಾನ್ ದಾರ, ಟಾರ್ಚು ಹಿಡಿದು ಟೆಂಟಿನೊಳಗೆ ನುಗ್ಗಿ, ಒಳಗಿನಿಂದಲೇ ಹೊಲಿಯತೊಡಗಿದರು. ಮೀಸೆ ಮೂಡುವ ಮೊದಲಿನಿಂದ ದಿಂಬು, ಕುಶನ್ನು ಹೊಲಿದು ಪಳಗಿದ ಕೈ ಅದು. ಆ ಕೈಗೆ ಗೊತ್ತಿದ್ದದ್ದು ಒಂದೇ ಪಾಠ: ಬಾಯಿ ತೆರೆದಿರುವುದನ್ನೆಲ್ಲಾ ಮುಚ್ಚು! ಸೂಜಿ ಕುದುರೆಯ ಹಾಗೆ ಓಡಿತು. ಕೊನೆಯ ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದು, “ಆನೆ ಬಂದು ಎಳೆದ್ರೂ ಬಿಚ್ಚಲ್ಲ!” ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಆಮೇಲೆ ಹೊರಗೆ ಬರೋಣವೆಂದು ತಿರುಗಿದರು.

ಬಲಕ್ಕೆ ರೆಕ್ಸಿನ್. ಎಡಕ್ಕೆ ರೆಕ್ಸಿನ್. ಹಿಂದೆ, ಮುಂದೆ, ತಲೆಯ ಮೇಲೆ, ಕಾಲಡಿಯಲ್ಲಿ, ಎಲ್ಲೆಲ್ಲೂ ರೆಕ್ಸಿನ್! ಬಾಗಿಲು ಅನ್ನುವುದು ಇಲ್ಲವೇ ಇಲ್ಲ. ಮೇಸ್ತ್ರಿ ಹೊಲಿದದ್ದು ಟೆಂಟನ್ನಲ್ಲ, ದಿಂಬನ್ನು. ಒಳಗಿನ ಹತ್ತಿಯೂ ಅವರೇ!

ಕತ್ತರಿ ಹೊರಗೆ ಬೆಂಚಿನ ಮೇಲೆ ಆರಾಮಾಗಿ ಮಲಗಿತ್ತು. ಅಷ್ಟರಲ್ಲಿ ಹೆಂಡತಿಯ ದನಿ ಕೇಳಿಸಿತು.

“ರೀ, ಊಟಕ್ಕೆ ಬರ್ತೀರಾ?”

“ಈಗ ಬೇಡ! ಒಳಗೆ ಗಾಳಿ ಬರುತ್ತಾ ಅಂತ ಪರೀಕ್ಷೆ ಮಾಡ್ತಿದೀನಿ!”

“ಬರುತ್ತಾ?”

“...ಇಲ್ಲ.”

“ಬಾಗಿಲು ಯಾವ ಕಡೆ ಇಟ್ಟಿದೀರಿ? ಕಾಣ್ತಾನೇ ಇಲ್ವಲ್ಲ.”

“ಅದೇ ಸರ್‌ಪ್ರೈಸು! ನೀನು ಹೋಗು ಒಳಗೆ!”

ಹೆಂಡತಿ ಹೋದಳು. ಮೇಸ್ತ್ರಿ ಮಂಡಿಯೂರಿ ಕತ್ತರಿಯ ದಿಕ್ಕಿಗೆ ತೆವಳಿದರು. ಟೆಂಟೂ ಜೊತೆಗೆ ತೆವಳಿತು. ಒಂದು ಸ್ಟೂಲು ಉರುಳಿತು, ಗೋಂದಿನ ಡಬ್ಬಿ ಬಿತ್ತು. ದಿಕ್ಕು ತಪ್ಪಿ, ಕಾಲಿಗೆ ರೆಕ್ಸಿನ್ ಸುತ್ತಿಕೊಂಡು, ಮೇಸ್ತ್ರಿ ಅಂಗಡಿಯ ಬಾಗಿಲಲ್ಲಿ ಬೋರಲು ಬಿದ್ದರು.

ಸರಿಯಾಗಿ ಆಗಲೇ ಎದುರಿನ ಔಷಧಿ ಅಂಗಡಿಯವರು ತಮ್ಮ ಸೋಫಾ ವಿಚಾರಿಸಲು ಬರಬೇಕೇ! ಅವರು ಸಣ್ಣ ಆಳಲ್ಲ. ತೂಕದ ಯಂತ್ರ ಅವರನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತದೆ.

“ಓಹೋ, ಹೊಸ ನಮೂನೆ ಬಂದಿದೆ!” ಎಂದವರೇ ಧೊಪ್ಪನೆ ಕುಳಿತುಬಿಟ್ಟರು.

“ಅಯ್ಯಯ್ಯೋ! ಏಳ್ರೀ! ಏಳ್ರೀ ಮೇಲೆ!”

“ಸೋಫಾ ಮಾತಾಡ್ತಿದೆ!” ಎಂದು ಔಷಧಿ ಅಂಗಡಿಯವರು ಕಿರುಚಿದ ಅಬ್ಬರಕ್ಕೆ ಅರ್ಧ ಬೀದಿ ಓಡಿ ಬಂತು. ಹೆಂಡತಿಯೂ ಮಗಳೂ ಬಂದರು. ಹೆಂಡತಿ ಆ ಕಂದು ಗುಡ್ಡೆಯ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದಳು.

“ಏನ್ರೀ, ಸರ್‌ಪ್ರೈಸು ಇದೇನಾ?”

“ಮಾತು ಸಾಕು, ಕತ್ತರಿ ತಗೋ!”

“ಹೊಲಿಗೆ ಬಿಚ್ಚಲಾ?”

“ಬಿಚ್ಚಲ್ಲ ಅದು! ನಾನು ಹೊಲಿದಿದ್ದು!” ಅಂಥಾ ಸಂಕಟದಲ್ಲೂ ಮೇಸ್ತ್ರಿಯ ಜಂಬ ಮಾತ್ರ ಬೆವರಲಿಲ್ಲ.

ಹೆಂಡತಿ ಮೇಲಿಂದ ಕೆಳಕ್ಕೆ, ಆ ಕಡೆಯಿಂದ ಈ ಕಡೆಗೆ ಕತ್ತರಿ ಆಡಿಸಿದಳು. ಮೊಟ್ಟೆಯೊಡೆದ ಮರಿಯಂತೆ ಮೇಸ್ತ್ರಿ ಒದ್ದೆ ಮುದ್ದೆಯಾಗಿ ಹೊರಬಂದರು. ಟೆಂಟು ನೆಲಹಾಸಾಗಿ ಬಿದ್ದಿತ್ತು. ಮಗಳು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಆತುಕೊಂಡಳು.

ಔಷಧಿ ಅಂಗಡಿಯವರು ಎದೆ ಸವರಿಕೊಳ್ಳುತ್ತಾ ಹೇಳಿದರು: “ಮೇಸ್ತ್ರಿ, ಕೂರೋಕೆ ಮೆತ್ತಗೇನೋ ಇತ್ತು. ನನಗೂ ಒಂದು ಹೊಲಿದುಕೊಡಿ. ಒಳಗೆ ಹತ್ತಿ ತುಂಬಿದ್ರೆ ಸಾಕು.”

“ನಾನು ದ್ವೀಪಕ್ಕೆ ಬರಲ್ಲ!” ಎಂದು ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ ಕುಳಿತರು.

“ನೀವಿಲ್ದೆ ದ್ವೀಪ ನನಗೆ ಸಪ್ಪೇನೇ,” ಎಂದಳು ಹೆಂಡತಿ. “ಆದ್ರೂ ಹೋಗೇ ಹೋಗ್ತೀನಿ.”

ಶನಿವಾರ ಬೆಳಿಗ್ಗೆ ತಾಯಿ ಮಗಳು ಹೋಗುವಷ್ಟರಲ್ಲಿ ಫೆರಿಯ ಮುಂದೆ ಎರಡೂ ಕೈಯಲ್ಲಿ ನೀರಿನ ಕ್ಯಾನು ಹಿಡಿದು ನಿಂತಿದ್ದವರು ಮೇಸ್ತ್ರಿಯೇ! “ಅಲ್ಲಿ ಕುಡಿಯೋ ನೀರಿಲ್ವಂತೆ. ಹೊರೋಕೆ ಬಂದೆ, ಅಷ್ಟೇ,” ಎಂದು ಗೊಣಗಿದರು.

ರಜೆ ಹಾಕಿ ಜೊತೆಗೆ ಬಂದಿದ್ದ ಭಾವಮೈದ, ದ್ವೀಪದ ಮರಳಿನ ಮೇಲೆ ಟೆಂಟನ್ನು ಎಸೆದ. ಅದು ಪಟ್ಟನೆ ಎದ್ದು ನಿಂತಿತು. ಮೇಸ್ತ್ರಿ ಅದನ್ನು ನೋಡಲೇ ಇಲ್ಲ; ಕಡಲನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಅಷ್ಟರಲ್ಲಿ ಬೀಸಿದ ಗಾಳಿಗೆ ಟೆಂಟು ಪಲ್ಟಿ ಹೊಡೆದು ಬಂಡೆಗೆ ಉಜ್ಜಿತು. ಪರ್ರ್! ಒಂದು ಪಕ್ಕ ಮೊಳದುದ್ದ ಹರಿಯಿತು.

ಹೆಂಡತಿಯ ಮುಖ ಬಾಡಿತು. ಭಾವಮೈದ ತಲೆ ಕೆರೆದುಕೊಂಡ. “ಭಾವ... ಇದನ್ನ ನೀವೇ ಉಳಿಸ್ಬೇಕು.”

ಆಹಾ! ಮೇಸ್ತ್ರಿಯ ಎದೆ ಹಾಯಿಯ ಹಾಗೆ ಉಬ್ಬಿತು. ಅಂಗಿಯ ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ಎಳೆದರು. ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿದರು. “ಈಗ ಬಂದ್ರಾ ದಾರಿಗೆ! ನೋಡ್ತಾ ಇರಿ, ಹೊಲಿಗೆ ಹಾಕಿದ್ದೇ ಗೊತ್ತಾಗಬಾರ್ದು,” ಎಂದು ಗತ್ತಿನಿಂದ ತಲೆ ತಗ್ಗಿಸಿ ಟೆಂಟಿನೊಳಗೆ ನುಗ್ಗಿದರು.

ತಾಯಿ ಮಗಳು ಕೈಯಲ್ಲಿದ್ದ ಚೀಲಗಳನ್ನು ಬಿಸಾಡಿ ಓಡಿಬಂದು, ಇನ್ನೂ ಹೊರಗಿದ್ದ ಮೇಸ್ತ್ರಿಯ ಕಾಲುಗಳನ್ನು ಒಬ್ಬೊಬ್ಬರು ಒಂದೊಂದು ಹಿಡಿದು ಎಳೆಯುತ್ತಾ ಒಟ್ಟಿಗೇ ಕೂಗಿದರು:

“ಹೊರಗಡೆಯಿಂದ!”